ಹಸಿರಾದ ಪೂಲಿಗೆ ಮೈಲುತುತ್ತ ಹಾಕಬೇಡಿ, ನಾನು ಹಾಕಿ ಕೆಟ್ಟಿದ್ದೇನೆ

ಹೋಂಸ್ಟೇ ನಡೆಸುವವರು, ಮನೆ ಮುಂದೆ ಸಣ್ಣದೊಂದು ಈಜುಕೊಳ ಕಟ್ಟಿಸಿಕೊಂಡವರು ಇದನ್ನು ಪೂರ್ತಿ ಓದಿ. ಅದರಲ್ಲೂ ತೋಟ ಇರುವವರು. ನಾನು ಮಾಡಿದ ತಪ್ಪಿಗೆ ಬೇಕಾದ ಸಾಮಾನು, ಅಂದರೆ ಮೈಲುತುತ್ತ (ಕಾಪರ್ ಸಲ್ಫೇಟ್), ಕೊಡಗಿನ ಬಹುತೇಕ ಎಲ್ಲ ಗೋಡೌನಿನಲ್ಲೂ ಇರುತ್ತದೆ.

ನಮ್ಮದು ಸುಂಟಿಕೊಪ್ಪ ಕಡೆ. ಪೂಲ್ ದೊಡ್ಡದೇನಲ್ಲ. 25 ಅಡಿ ಉದ್ದ, 12 ಅಡಿ ಅಗಲ, 4 ಅಡಿ ಆಳ. ಅಂದರೆ ಸುಮಾರು 34,000 ಲೀಟರ್ ನೀರು. (ಈ ಲೆಕ್ಕ ಹಾಕಿದ್ದು ಎಲ್ಲ ಕೆಟ್ಟ ಮೇಲೆ.) ಆಗಸ್ಟ್ ಕೊನೆಯ ಮಳೆಗೆ ಲೈನ್ ಮೇಲೆ ಮರ ಬಿದ್ದು ಐದು ದಿನ ಕರೆಂಟ್ ಇರಲಿಲ್ಲ. ಜನರೇಟರ್ ಫ್ರಿಜ್ಜಿಗೆ, ಕುಡಿಯುವ ನೀರಿನ ಮೋಟಾರಿಗೆ ಸರಿಹೋಯಿತು. ಪೂಲಿನ ಪಂಪ್ ಓಡಲಿಲ್ಲ. ಸಿಲ್ವರ್ ಓಕ್ ಎಲೆ ಬಿದ್ದು ಕೊಳೆಯಿತು. ಮಳೆನೀರು ತುಂಬಿ ತುಂಬಿ ಹೊರಗೆ ಹರಿಯಿತು, ಇದ್ದಬದ್ದ ಕ್ಲೋರಿನ್ನೂ ಅದರ ಜೊತೆಗೇ ಹೋಯಿತು. ಆಮೇಲೆ ಕೈಲು ಮುಹೂರ್ತದ ಗಡಿಬಿಡಿ, ಯಾರೂ ಆ ಕಡೆ ತಲೆ ಹಾಕಲಿಲ್ಲ. ಹಬ್ಬ ಮುಗಿಸಿ ಹೋಗಿ ನೋಡಿದರೆ ಎರಡನೇ ಮೆಟ್ಟಿಲೇ ಕಾಣುತ್ತಿಲ್ಲ. ಗೋಡೆ ಮುಟ್ಟಿದರೆ ಲೋಳೆ ಲೋಳೆ. ಕಪ್ಪೆ ಬೇರೆ ಮೊಟ್ಟೆ ಇಟ್ಟಿತ್ತು. ಗಣೇಶನ ಹಬ್ಬದ ರಜೆಗೆ ಎರಡು ಕುಟುಂಬ ಬುಕ್ ಮಾಡಿದ್ದವು.

ನಮ್ಮ ತೋಟದ ರೈಟರ್ (ಲೆಕ್ಕಪತ್ರ, ಆಳುಗಳನ್ನು ನೋಡಿಕೊಳ್ಳುವವರು) ಹೇಳಿದರು, "ಅಕ್ಕ, ಗೋಡೌನಲ್ಲಿ ಮೈಲುತುತ್ತ ಇದೆ ಅಲ್ವಾ? ಒಂದು ಕೆ.ಜಿ. ಕರಗಿಸಿ ಹಾಕಿ, ಪಾಚಿ ಸತ್ತು ಬೀಳುತ್ತೆ." ನನಗೂ ಸರಿ ಅನ್ನಿಸಿತು. ಮೈಲುತುತ್ತದಿಂದಲೇ ಮಾಡುವ ಬೋರ್ಡೋ ದ್ರಾವಣ ಹೊಡೆದರೆ ಕಾಫಿ ಎಲೆಯ ತುಕ್ಕು ರೋಗವೇ ಹಿಡಿತಕ್ಕೆ ಬರುತ್ತದೆ, ಪಾಚಿ ಯಾವ ಲೆಕ್ಕ? ಬೋರ್ಡೋಗೆ ಸುಣ್ಣ ಸೇರಿಸುವ ಅಭ್ಯಾಸ ನೋಡಿ, ನಾಲ್ಕು ಬೊಗಸೆ ಸುಣ್ಣವನ್ನೂ ಕಲಸಿ ಸುರಿದೆವು.

ಪಾಚಿ ಸತ್ತಿತು, ನಿಜ. ಮೂರನೇ ದಿನಕ್ಕೆ ಬೂದಿ ಬಣ್ಣದ ಕೆಸರಾಗಿ ತಳಕ್ಕೆ ಕೂತಿತು. ಆದರೆ ತಾಮ್ರ ಎಲ್ಲಿಗೆ ಹೋಗುತ್ತದೆ? ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರವೇ. ಒಂದು ಕೆ.ಜಿ.ಗೆ 250 ಗ್ರಾಂ. ನಮ್ಮ ಪೂಲಿನ ನೀರಿಗೆ ಹಂಚಿದರೆ ಲೀಟರಿಗೆ 7 ಮಿಲಿಗ್ರಾಂ ದಾಟುತ್ತದೆ. ಕುಡಿಯುವ ನೀರಿನಲ್ಲಿ, ಬೇರೆ ಮೂಲವೇ ಇಲ್ಲ ಅನ್ನುವಾಗಲೂ, ನಮ್ಮ ದೇಶದ ಮಾನದಂಡ ಒಪ್ಪುವುದು 1.5 ಮಿಲಿಗ್ರಾಂವರೆಗೆ ಮಾತ್ರ. ಪೂಲಿಗೆ ತಾಮ್ರ ಬಳಸುವವರೂ ಇದರ ಹತ್ತಿರ ಹತ್ತಿರಕ್ಕೂ ಬರುವುದಿಲ್ಲ.

ಸುಣ್ಣದಿಂದ ನೀರು ಹಾಲು ಹಾಲಾಗಿತ್ತು. ಗಾಬರಿಯಾಗಿ ಪೂಲ್ ಕ್ಲೀನ್ ಮಾಡುವ ಒಬ್ಬರನ್ನು ಕರೆಸಿದೆ. ಯಾರು, ಎಲ್ಲಿಯವರು ಅಂತ ಕೇಳಬೇಡಿ, ಹೇಳುವುದಿಲ್ಲ. ಮುಂಗಡ ತೆಗೆದುಕೊಂಡು, ಒಬ್ಬ ಹುಡುಗನನ್ನು ಕರೆದುಕೊಂಡು ಬಂದರು. ಲೇಬಲ್ ಇಲ್ಲದ ಎರಡು ಕ್ಯಾನ್, ಒಳಗೆ ನೀಲಿ ದ್ರವ. "ಏನಿದು?" ಅಂದೆ. "ಪಾಚಿ ಔಷಧಿ ಮೇಡಂ, ಎಲ್ಲ ಕಡೆ ಇದೇ ಹಾಕೋದು" ಅಂದರು. ಅದೂ ತಾಮ್ರದ್ದೇ ಅಂತ ಗೊತ್ತಾಗಿದ್ದು ಆಮೇಲೆ. ನೀರು ಪರೀಕ್ಷೆ ಮಾಡಲಿಲ್ಲ, ಮೊದಲು ಏನು ಹಾಕಿದ್ದೀರಿ ಅಂತ ಕೇಳಲೂ ಇಲ್ಲ. ನಾನಾಗಿ ಹೇಳಲೂ ಇಲ್ಲ. ಮೈಲುತುತ್ತ ಹಾಕಿದ್ದೆ ಅನ್ನಲು ನಾಚಿಕೆ. ಈ ತಪ್ಪಿನಲ್ಲಿ ಅರ್ಧ ನನ್ನದು.

ಅವತ್ತು ಇನ್ನೊಂದು ಆಯಿತು, ಇದನ್ನು ಮಾತ್ರ ಮರೆಯಬೇಡಿ. ಆಸಿಡ್ ಅಳೆದ ಮಗ್ಗಿನ ತಳದಲ್ಲಿ ಸ್ವಲ್ಪ ಉಳಿದಿತ್ತು. ಆ ಹುಡುಗ ಅದೇ ಮಗ್ಗನ್ನು ಬ್ಲೀಚಿಂಗ್ ಪೌಡರ್ ಬಕೆಟಿಗೆ ಅದ್ದಿದ. ಬುಸ್ ಅಂತ ನೊರೆ ಬಂತು. ಹಳದಿ ಹಸಿರು ಹೊಗೆ ಬಕೆಟಿನ ಅಂಚಿನಿಂದ ಮೇಲೆ ಏಳಲಿಲ್ಲ, ಕೆಳಗೆ ಇಳಿದು ನೆಲದ ಮೇಲೆ ಹರಿಯಿತು. ಬಗ್ಗಿ ಕೂತಿದ್ದ ಹುಡುಗನ ಮುಖ ಸರಿಯಾಗಿ ಅಲ್ಲೇ ಇತ್ತು. ಕೆಮ್ಮಿ ಕೆಮ್ಮಿ ಕಣ್ಣು ಕೆಂಡದ ಹಾಗಾಯಿತು. ಎಳೆದು ಮೇಲಿನ ಕಾಫಿ ಕಣಕ್ಕೆ ಗಾಳಿಗೆ ಕೂರಿಸಿ, ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಪುಣ್ಯಕ್ಕೆ ಉಳಿದ. ಅದು ಕ್ಲೋರಿನ್ ಗ್ಯಾಸ್, ಗಾಳಿಗಿಂತ ಭಾರ, ಅದಕ್ಕೇ ತಗ್ಗಿನಲ್ಲಿ ನಿಲ್ಲುತ್ತದೆ. ಬ್ಲೀಚಿಂಗ್ ಪೌಡರನ್ನು ಟಿ.ಸಿ.ಸಿ.ಎ. (ಪೂಲಿಗೆ ಹಾಕುವ ಇನ್ನೊಂದು ಬಗೆಯ ಕ್ಲೋರಿನ್) ಮಾತ್ರೆಯ ಜೊತೆ ಬೆರೆಸಿದರೂ ಅಪಾಯ, ಬೆಂಕಿಯೇ ಹತ್ತಬಹುದು. ಎರಡೂ ಕ್ಲೋರಿನ್ನೇ ತಾನೇ ಅಂದುಕೊಂಡು ಒಂದೇ ಡಬ್ಬಿಗೆ ಸುರಿಯಬೇಡಿ. ಪ್ರತಿಯೊಂದಕ್ಕೂ ಬೇರೆ ಮಗ್, ಒಣಗಿದ್ದು.

ಎರಡು ದಿನ ಫಿಲ್ಟರ್ ಓಡಿಸಿದ ಮೇಲೆ ನೀರು ತಿಳಿಯಾಯಿತು. ತಳದ ಟೈಲ್ಸ್ ಎಣಿಸಬಹುದಿತ್ತು. ಆದರೆ ಬಣ್ಣ ಹಸಿರೇ, ಗೋಲಿ ಸೋಡಾ ಬಾಟಲಿಯ ಗಾಜಿನ ಹಾಗೆ. "ನ್ಯಾಚುರಲ್ ಕಲರ್ ಮೇಡಂ" ಅಂತ ಬಾಕಿ ದುಡ್ಡೂ ತೆಗೆದುಕೊಂಡು ಹೋದರು. ಅತಿಥಿಗಳು ಬಂದರು, ಇಳಿದರು. ಬೆಳಿಗ್ಗೆ ಕಡುಬು ಬಡಿಸುವಾಗ ನೋಡುತ್ತೇನೆ, ಆ ಮನೆಯ ಅಜ್ಜನ ಬಿಳಿ ಕೂದಲಿಗೆ ಎಳೆ ಹಸಿರು ಬಣ್ಣ! ಅಜ್ಜ ನಕ್ಕರು. ಮಗಳು ನಗಲಿಲ್ಲ. ದುಡ್ಡು ವಾಪಸ್ ಕೊಟ್ಟೆ.

ಆ ಕ್ಲೀನಿಂಗಿನವರಿಗೆ ಫೋನ್ ಮಾಡಿದರೆ, "ಬ್ಯಾಕ್‌ವಾಶ್ ಮಾಡಿ ಅರ್ಧ ನೀರು ಬಿಟ್ಟುಬಿಡಿ" ಅಂದರು. ಬಿಟ್ಟೆವು. ಬ್ಯಾಕ್‌ವಾಶ್ ಅಂದರೆ ಫಿಲ್ಟರಿನೊಳಗೆ ನೀರನ್ನು ಹಿಮ್ಮುಖವಾಗಿ ಹರಿಸಿ ಕೊಳೆಯನ್ನು ಹೊರಗೆ ತಳ್ಳುವುದು. ನಮ್ಮ ಪೈಪ್ ಹೋಗುವುದು ತೋಡಿಗೆ (ಸಣ್ಣ ಹಳ್ಳ). ತೋಡು ಹೋಗುವುದು ಪಕ್ಕದ ಮನೆಯವರ ಕೆರೆಗೆ. ಮರುದಿನ ಬೆಳಿಗ್ಗೆ ಆ ಅಣ್ಣ ಬಕೆಟ್ ಹಿಡಿದು ಬಂದು ಮೆಟ್ಟಿಲ ಮೇಲೆ ಇಟ್ಟರು. ತುಂಬ ಕಾಟ್ಲಾ ಮೀನು, ಹೊಟ್ಟೆ ಮೇಲಾಗಿ. ಬೈಯಲಿಲ್ಲ. "ತೋಡಿಗೆ ಏನು ಬಿಟ್ಟೆ ತಂಗಿ?" ಅಂತ ಅಷ್ಟೇ ಕೇಳಿದರು. ಬೈದಿದ್ದರೇ ಚೆನ್ನಾಗಿತ್ತು.

ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವ ನೆಂಟರೊಬ್ಬರು ಬಂದು ನೋಡಿ ಕೇಳಿದ ಮೊದಲ ಪ್ರಶ್ನೆ, "ಯಾವ ಹಸಿರು?" ಹಸಿರಿನಲ್ಲಿ ಎರಡು ಜಾತಿ ಇದೆ. ಮಬ್ಬಾಗಿ, ಗೋಡೆ ಜಾರುತ್ತಿದ್ದರೆ ಪಾಚಿ. ತಳ ಸ್ಪಷ್ಟವಾಗಿ ಕಂಡೂ ಹಸಿರಿದ್ದರೆ ಲೋಹ. ಅನುಮಾನ ಇದ್ದರೆ ಒಂದು ಬಕೆಟ್ ಪೂಲ್ ನೀರಿಗೆ ಸ್ವಲ್ಪ ಕ್ಲೋರಿನ್ ಹಾಕಿ ರಾತ್ರಿ ಬಿಡಿ. ಹಸಿರು ಹೋದರೆ ಪಾಚಿ. ಹೋಗದಿದ್ದರೆ, ಇಲ್ಲವೇ ಕಂದಾದರೆ, ಲೋಹ. ಬೋರ್‌ವೆಲ್ ನೀರಿನ ಕಬ್ಬಿಣವೂ ಹೀಗೆ ಕಾಟ ಕೊಡುತ್ತದೆ.

ಆಮೇಲೆ ಕಿಟ್ ತೆಗೆದು ಪರೀಕ್ಷೆ ಮಾಡಿದರು. ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅಂತ ತೋರಿಸುವ ಪಿ.ಎಚ್. 8.2 ದಾಟಿತ್ತು, ನನ್ನ ಸುಣ್ಣದ ಕೃಪೆ. ಪಿ.ಎಚ್. 8 ಇದ್ದಾಗ ಹಾಕಿದ ಕ್ಲೋರಿನ್‌ನಲ್ಲಿ ಸರಿಯಾಗಿ ಕೆಲಸ ಮಾಡುವುದು ಕಾಲು ಭಾಗ. 7.2ಕ್ಕೆ ಇಳಿಸಿದರೆ ಮೂರನೇ ಎರಡು ಭಾಗ. ಅಂದರೆ ಪಿ.ಎಚ್. ನೋಡದೆ ಕ್ಲೋರಿನ್ ಸುರಿಯುವುದು ದುಡ್ಡನ್ನು ನೀರಿಗೆ ಹಾಕಿದ ಹಾಗೇ. ಒಂದು ವಿಷಯ, ಕ್ಲೋರಿನ್ ತೀರಾ ಜಾಸ್ತಿ ಇರುವಾಗ ಪಿ.ಎಚ್. ಪರೀಕ್ಷೆಯ ಬಣ್ಣ ಸುಳ್ಳು ಹೇಳುತ್ತದೆ. ಕ್ಲೋರಿನ್ ಹಾಕುವ ಮೊದಲೇ ಅಳೆಯಿರಿ.

ತಾಮ್ರ ತೆಗೆಯಲು ನೀರು ಬದಲಿಸುವುದೇ ದಾರಿ ಅಂದರು. ಪೂರ್ತಿ ಖಾಲಿ ಮಾಡೋಣ ಅಂದೆ, ಬೇಡ ಅಂದರು. ಮಳೆಗಾಲದಲ್ಲಿ ನೆಲದೊಳಗೆ ನೀರು ತುಂಬಿರುತ್ತದೆ. ಮೇಲೆ ಭಾರ ಇಲ್ಲದಿದ್ದರೆ ಅದು ಕೆಳಗಿನಿಂದ ಒತ್ತಿ ಪೂಲನ್ನೇ ಬಿರುಕು ಬಿಡಿಸಬಹುದು. ಹಾಗಾಗಿ ಒಂದು ಸಲಕ್ಕೆ ಮೂರನೇ ಒಂದು ಭಾಗದಂತೆ ಆರು ಸಲ ಬದಲಿಸಿದೆವು. ಹತ್ತಿರ ಹತ್ತಿರ ಎರಡು ಪೂಲಿನಷ್ಟು ನೀರು. ಕ್ಲೋರಿನ್ ಪೂರ್ತಿ ಇಳಿದ ಮೇಲೆ, ತೋಡಿನಿಂದ ದೂರ, ಮೇಲಿನ ಕಾಫಿ ಸಾಲುಗಳಿಗೆ ತೆಳ್ಳಗೆ ಹರಡಿ ಬಿಟ್ಟೆವು. ಬ್ಯಾಕ್‌ವಾಶ್ ಪೈಪನ್ನೂ ಈಗ ಆ ಕಡೆಗೇ ತಿರುಗಿಸಿದ್ದೇವೆ. ನಿಮ್ಮ ಪೈಪ್ ಎಲ್ಲಿಗೆ ಹೋಗುತ್ತದೆ ಅಂತ ಒಮ್ಮೆ ನಡೆದು ನೋಡಿ ಬನ್ನಿ.

ಈ ವರ್ಷವೂ ಒಮ್ಮೆ ಹಸಿರಾಯಿತು, ಬರೀ ಪಾಚಿ. ಎಲೆ ಬಾಚಿ, ಗೋಡೆ ಉಜ್ಜಿದೆವು. ಮಳೆನೀರಿನಿಂದ ಕ್ಷಾರೀಯತೆ (ಪಿ.ಎಚ್. ಏರುಪೇರಾಗದಂತೆ ಹಿಡಿದಿಡುವ ಗುಣ) ಲೀಟರಿಗೆ 40 ಮಿಲಿಗ್ರಾಂಗೆ ಇಳಿದಿತ್ತು. ಅದನ್ನು 80ಕ್ಕೆ ಏರಿಸಲು ಎರಡೂಕಾಲು ಕೆ.ಜಿ. ಅಡುಗೆ ಸೋಡಾ. ಪಿ.ಎಚ್. 7.2 ಇದೆ ಅಂತ ನೋಡಿಕೊಂಡು, ಬಿಸಿಲು ಇಳಿದ ಮೇಲೆ 65 ಪರ್ಸೆಂಟಿನ ಕ್ಲೋರಿನ್ ಪುಡಿ ಅರ್ಧ ಕೆ.ಜಿ. ನೀರು ತುಂಬಿದ ಬಕೆಟಿಗೆ ಪುಡಿ ಹಾಕಿ ಕರಗಿಸಿದ್ದು, ಪುಡಿಯ ಮೇಲೆ ನೀರು ಸುರಿದದ್ದಲ್ಲ. ಅಷ್ಟಕ್ಕೆ ನಮ್ಮ ಪೂಲಿನಲ್ಲಿ ಕ್ಲೋರಿನ್ ಲೀಟರಿಗೆ 10 ಮಿಲಿಗ್ರಾಂನಷ್ಟು ಏರುತ್ತದೆ. ಪಂಪ್ ಹಗಲೂ ರಾತ್ರಿ. ಮೂರು ಸಂಜೆ ಹೀಗೇ. ನಾಲ್ಕನೇ ಬೆಳಿಗ್ಗೆ ತಳ ಕಂಡಿತು. ಕ್ಲೋರಿನ್ 3ಕ್ಕೆ ಇಳಿಯುವವರೆಗೆ ಯಾರನ್ನೂ ಇಳಿಸಲಿಲ್ಲ.

ಅಣ್ಣನ ಕೆರೆಯ ನೀರನ್ನೂ ಪರೀಕ್ಷೆ ಮಾಡಿಸಿ, ಸರಿಯಿದೆ ಅಂತ ಗೊತ್ತಾದ ಮೇಲೆ ಮೀನುಮರಿ ತಂದು ಬಿಟ್ಟೆ. ಬೇಡ ಅನ್ನಲಿಲ್ಲ. ಈಗ ನಮ್ಮ ಪಂಪಿನ ಸದ್ದು ಕೇಳಿದರೆ ಸಾಕು, ಬೇಲಿಯ ಆಚೆಯಿಂದ ಕೂಗುತ್ತಾರೆ, "ಇವತ್ತು ಯಾವ ಬಣ್ಣ ತಂಗಿ?"