ಹಿರಿಯರ ಆರೈಕೆಯ ಫ್ರಾಂಚೈಸಿ: ನಾಲ್ಕು ಕಂಪನಿ ಹೋಲಿಸಿಯೂ ನಾನು ಬಿದ್ದದ್ದು ಹೇಗೆ

ಮನೆಗೇ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಸೇವೆಯ ಫ್ರಾಂಚೈಸಿ (ಫೀಸ್ ಕಟ್ಟಿ ಒಂದು ಕಂಪನಿಯ ಹೆಸರಲ್ಲಿ ನಾವೇ ನಡೆಸುವ ವ್ಯಾಪಾರ) ತೆಗೆದುಕೊಳ್ಳುವ ಯೋಚನೆ ಇದ್ದರೆ, ಮುಂಗಡ ಕೊಡುವ ಮೊದಲು ಇದನ್ನು ಓದಿ. ನಾನು ಎರಡೂವರೆ ವರ್ಷ ನಡೆಸಿ, ಕೈ ಸುಟ್ಟುಕೊಂಡು ಹೊರಗೆ ಬಂದಿದ್ದೇನೆ. ಕಂಪನಿಯ ಹೆಸರು ಹೇಳುವುದಿಲ್ಲ. ಹೊರಬರುವಾಗ ಸಹಿ ಹಾಕಿದ ಕಾಗದದಲ್ಲಿ ಅದೂ ಒಂದು ಷರತ್ತು.

ನಾನೇನೂ ಕಣ್ಣು ಮುಚ್ಚಿಕೊಂಡು ಹಾರಿದವನಲ್ಲ. ನಾಲ್ಕು ಕಂಪನಿಗಳನ್ನು ಒಂದು ಹಾಳೆಯಲ್ಲಿ ಪಕ್ಕಪಕ್ಕ ಬರೆದು ಹೋಲಿಸಿದ್ದೆ. ಆರಂಭದ ಫೀಸ್ ಎಷ್ಟು, ರಾಯಲ್ಟಿ (ಕಂಪನಿಗೆ ಕೊಡುತ್ತಲೇ ಇರಬೇಕಾದ ಪಾಲು) ಎಷ್ಟು, ತರಬೇತಿ ಎಷ್ಟು ದಿನ, ನಮಗೆ ಬಿಟ್ಟುಕೊಡುವ ಏರಿಯಾ ಎಷ್ಟು ದೊಡ್ಡದು. ನಾಲ್ಕರಲ್ಲಿ ಒಂದು ನರ್ಸಿಂಗ್ ಸೇವೆಯದು, ಉಳಿದ ಮೂರು ಸ್ನಾನ, ಊಟ, ಒಡನಾಟದಂಥ ನೆರವಿನವು. ಎರಡಕ್ಕೂ ಲೈಸೆನ್ಸ್ ಬೇರೆ, ಸಿಬ್ಬಂದಿ ಬೇರೆ, ಖರ್ಚು ಬೇರೆ. ಅದೂ ಹೊಳೆಯದೆ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿದ್ದೆ. ಈಗ ಆ ಹಾಳೆ ನೋಡಿದರೆ ನಗು ಬರುತ್ತದೆ. ಅದರ ಒಂದೊಂದು ಸಾಲೂ ಮಾರುವವರೇ ಬ್ರೋಷರ್‌ನಲ್ಲಿ ಬರೆದುಕೊಟ್ಟದ್ದು. ನನ್ನನ್ನು ಮುಳುಗಿಸಿದ ಒಂದು ಸಂಗತಿಯೂ ಅಲ್ಲಿ ಇರಲಿಲ್ಲ.

ಈ ನಾಲ್ಕನ್ನು ತೋರಿಸಿದ್ದು ಒಬ್ಬ ಸಲಹೆಗಾರ. "ನಿಮ್ಮಿಂದ ಏನೂ ಬೇಡ ಸರ್" ಅಂದ. ನಾನು ಕಟ್ಟಿದ ಫೀಸಿನಿಂದಲೇ ಅವನಿಗೆ ಕಮಿಷನ್ ಹೋಗಿತ್ತು ಎಂದು ಆಮೇಲೆ ತಿಳಿಯಿತು. ಈ ವ್ಯವಹಾರದಲ್ಲಿ ಅದು ಮಾಮೂಲಿ. ಆದರೆ ಕಮಿಷನ್ ಕೊಡದ ಕಂಪನಿಯನ್ನು ಅವನು ಯಾಕೆ ತೋರಿಸುತ್ತಾನೆ, ಅಲ್ವಾ?

ರಾಯಲ್ಟಿ ಶೇ 5 ಎಂದಾಗ ಕಡಿಮೆಯೇ ಅನ್ನಿಸಿತ್ತು. ಅದು ಲಾಭದ ಮೇಲಲ್ಲ, ಬಂದ ಒಟ್ಟು ಹಣದ ಮೇಲೆ. ನಮ್ಮಲ್ಲಿ 100ಕ್ಕೆ 65 ಕೆಲಸದವರ ಸಂಬಳಕ್ಕೇ ಹೋಗುತ್ತಿತ್ತು. ಉಳಿದ 35ರಲ್ಲಿ 5 ಎಂದರೆ ಏಳರಲ್ಲಿ ಒಂದು ಪಾಲು. ಅದಾದ ಮೇಲೆ ಜಾಹೀರಾತಿನ ನಿಧಿ, ಅವರದೇ ಸಾಫ್ಟ್‌ವೇರ್‌ನ ಬಾಡಿಗೆ. ಕನಿಷ್ಠ ಇಷ್ಟು ಕಟ್ಟಲೇಬೇಕು ಎಂಬ ಸಾಲೂ ಒಪ್ಪಂದದ ಒಳಗೆಲ್ಲೋ ಇತ್ತು. ಹಾಗಾಗಿ ನನಗೆ ನಷ್ಟವಾದ ತಿಂಗಳೂ ಅವರ ಹಣ ಅವರಿಗೆ ಸೇರುತ್ತಿತ್ತು.

ಆದರೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ಏರಿಯಾ ಕೊಡುವಾಗ ಅಲ್ಲಿ 65 ವರ್ಷ ದಾಟಿದವರು ಎಷ್ಟು ಜನ ಎಂದು ಎಣಿಸಿ ತೋರಿಸಿದರು. ನೋಡಿಕೊಳ್ಳುವ ಕೆಲಸಕ್ಕೆ ಎಷ್ಟು ಜನ ಸಿಗುತ್ತಾರೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ಮನೆಗೆ ಹಗಲೂ ರಾತ್ರಿ ಸೇವೆ ಎಂದರೆ ವಾರಕ್ಕೆ 168 ಗಂಟೆ. ಒಬ್ಬರಿಗೆ ವಾರಕ್ಕೆ 40 ಗಂಟೆ ಕೆಲಸ ಎಂದರೆ ನಾಲ್ಕು ಜನ ಸಾಲುವುದಿಲ್ಲ. ಜ್ವರ, ರಜೆ ಎಲ್ಲ ಸೇರಿಸಿದರೆ ಐದು ಜನ ಬೇಕು. ಒಂದೇ ಮನೆಗೆ!

ಒಂದು ದಿನ ಬೆಳಗಿನ ಜಾವ ಫೋನ್ ಬಂತು. ರಾತ್ರಿ ಪಾಳಿಯವರು ಹೊರಟಿದ್ದಾರೆ, ಬೆಳಗಿನವರು ಬಂದಿಲ್ಲ, ಅಪ್ಪ ಒಬ್ಬರೇ ಇದ್ದಾರೆ ಎಂದು ದೂರದಲ್ಲಿದ್ದ ಮಗಳು ಅಳುತ್ತಿದ್ದರು. ಬದಲಿಗೆ ಯಾರೂ ಸಿಗಲಿಲ್ಲ. ನಾನೇ ಹೋಗಿ ಕೂತೆ. ಆ ತಿಂಗಳು ಆ ಹಿರಿಯರು ನೋಡಿದ ಆರನೇ ಹೊಸ ಮುಖ ನನ್ನದು. "ನೀನು ನಾಳೆನೂ ಬರ್ತೀಯಾ?" ಎಂದು ಕೇಳಿದರು. ಏನು ಹೇಳಲಿ? ಸುಮ್ನೆ ತಲೆ ಆಡಿಸಿದೆ.

ನಮ್ಮ ಆದಾಯದ ಕಾಲು ಭಾಗ ಆ ಒಂದು ಮನೆಯಿಂದ ಬರುತ್ತಿತ್ತು. ಕೆಲವು ತಿಂಗಳ ನಂತರ ಅವರು ಆಸ್ಪತ್ರೆಗೆ ಸೇರಿದರು, ವಾಪಸ್ ಬರಲಿಲ್ಲ. ಸುದ್ದಿ ಕೇಳಿದ ಕೂಡಲೇ ನನಗೆ ಮೊದಲು ನೆನಪಾದದ್ದು ಮುಂದಿನ ವಾರದ ಸಂಬಳ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಅಲ್ಲಿದ್ದ ಐದು ಜನಕ್ಕೆ ತಕ್ಷಣ ಬೇರೆ ಮನೆ ಕೊಡಲಾಗಲಿಲ್ಲ. ಮೂವರು ಬೇರೆ ಏಜೆನ್ಸಿಗೆ ಹೋದರು. ಅವರದೇನೂ ತಪ್ಪಿಲ್ಲ.

ಇನ್ನೊಂದು ವಿಚಿತ್ರ ಕೇಳಿ. ಸಂಬಳ ವಾರಕ್ಕೊಮ್ಮೆ, ಗ್ರಾಹಕರ ಬಿಲ್ ತಿಂಗಳಿಗೊಮ್ಮೆ, ವಿಮೆಯವರು ಕೊಡುವುದಾದರೆ ಇನ್ನೂ ತಡ. ಹಾಗಾಗಿ ಹೊಸ ಗ್ರಾಹಕರು ಸಿಕ್ಕಷ್ಟೂ ಕೈಯಿಂದ ಜಾಸ್ತಿ ಹಾಕಬೇಕಾಯಿತು. ವ್ಯಾಪಾರ ಬೆಳೆದ ತಿಂಗಳಲ್ಲೇ ಸಾಲ ಮಾಡಿದೆ.

ಅಮೆರಿಕದಲ್ಲಿ ಫ್ರಾಂಚೈಸಿ ಮಾರುವವರು ಸಹಿಗೂ ಹಣಕ್ಕೂ ಕನಿಷ್ಠ 14 ದಿನ ಮೊದಲು 23 ಅಂಶಗಳ ದಾಖಲೆ ಕೊಡಲೇಬೇಕು. ಅದರಲ್ಲಿ 7ನೆಯದು ಎಷ್ಟು ಬಂಡವಾಳ ಬೇಕು ಎಂಬ ಅಂದಾಜು. ಅಂಗಡಿ ತೆರೆದ ಮೇಲಿನ ಖರ್ಚಿಗೆ ಅದರಲ್ಲಿ ಎಷ್ಟೋ ಸಲ ಮೊದಲ ಮೂರು ತಿಂಗಳದ್ದಷ್ಟೇ ಇರುತ್ತದೆ, ಪೂರ್ತಿ ಖರ್ಚು ಎಂದು ನಂಬಬೇಡಿ. 19ನೆಯದು ಗಳಿಕೆಯ ಲೆಕ್ಕ. ಅದನ್ನು ಕೊಡಲೇಬೇಕು ಎಂದೇನಿಲ್ಲ. ನನ್ನನ್ನು ಕೇಳಿದರೆ ಮೊದಲು ತೆರೆಯಬೇಕಾದದ್ದು 20ನೆಯದು. ಎಷ್ಟು ಜನ ಶುರು ಮಾಡಿದರು, ಎಷ್ಟು ಜನ ಬಿಟ್ಟರು, ಹಿಂದಿನ ವರ್ಷ ಬಿಟ್ಟವರನ್ನು ಸಂಪರ್ಕಿಸುವುದು ಹೇಗೆ ಎಂಬುದು ಅಲ್ಲಿರುತ್ತದೆ. ನಿಮ್ಮ ಕಡೆ ಇಂಥ ಕಾನೂನು ಇಲ್ಲದಿದ್ದರೂ ಇದೇ ಪಟ್ಟಿಯನ್ನು ಬರಹದಲ್ಲಿ ಕೇಳಿ. ಕೊಡುವುದಿಲ್ಲ ಎಂದರೆ ಎದ್ದು ಬನ್ನಿ. ಬಿಟ್ಟವರಲ್ಲಿ ಮಾತಿಗೆ ಸಿಕ್ಕವರನ್ನು ಲಾಭ ಎಷ್ಟು ಎಂದು ಕೇಳಬೇಡಿ. ಕೆಲಸಕ್ಕೆ ಸೇರಿದ ಹತ್ತು ಜನರಲ್ಲಿ ವರ್ಷದ ನಂತರ ಎಷ್ಟು ಜನ ಉಳಿದರು, ಪಾಳಿ ತಪ್ಪಿದಾಗ ಯಾರು ಹೋಗುತ್ತಿದ್ದರು ಎಂದು ಕೇಳಿ. ಒಪ್ಪಂದವನ್ನು ನಿಮ್ಮ ವಕೀಲರಿಗೇ ತೋರಿಸಿ. ನನ್ನದು ಹತ್ತು ವರ್ಷದ್ದು, ಸ್ವಂತ ಆಸ್ತಿಯ ಜಾಮೀನು ಬೇರೆ.

ನನಗೆ ಕಂಪನಿಯವರು ಐದು ಮಾಲೀಕರ ನಂಬರ್ ಕೊಟ್ಟಿದ್ದರು. ಐವರೂ ಖುಷಿಯಾಗಿದ್ದರು. ಬಿಟ್ಟು ಹೋದವರ ನಂಬರ್ ಕೇಳಬೇಕು ಅಂತ ಹೊಳೆಯಲೇ ಇಲ್ಲ. ನಾನು ಹೊರಬಂದ ಮೇಲೆ ಅಂಥವರೊಬ್ಬರು ತಾವಾಗಿ ಫೋನ್ ಮಾಡಿದರು. ಕಂಪನಿ "ಹೊಚ್ಚ ಹೊಸದು" ಎಂದು ನನಗೆ ಮಾರಿದ ಏರಿಯಾವನ್ನು ನನಗಿಂತ ಮೊದಲು ನಡೆಸಿ ಕೈಬಿಟ್ಟವರು ಅವರೇ.