ಶೋ ಎಚ್‌ಎನ್: ನೀವು ಕಟ್ಟಿದ ತಂತ್ರಾಂಶವನ್ನು ಜನರ ಮುಂದಿಡಲು ಎಂಥ ಜಾಗ?

ತಾವೇ ಕಟ್ಟಿದ ತಂತ್ರಾಂಶವನ್ನು ಅಪರಿಚಿತರ ಕೈಗೆ ಕೊಟ್ಟು ನೋಡಬೇಕೆನ್ನುವವರಿಗೆ ಹ್ಯಾಕರ್ ನ್ಯೂಸ್ (ಎಚ್‌ಎನ್) ತಾಣದ ‘ಶೋ ಎಚ್‌ಎನ್’ ವಿಭಾಗದಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ. ಹೊಸ ಕಂಪನಿಗಳಲ್ಲಿ ಬಂಡವಾಳ ಹೂಡುವ ವೈ ಕಾಂಬಿನೇಟರ್ 2007ರಲ್ಲಿ ಶುರು ಮಾಡಿದ ತಾಣವಿದು. ಜನ ಇಲ್ಲಿ ತಂತ್ರಜ್ಞಾನದ ಲಿಂಕ್ ಹಂಚಿ ಚರ್ಚಿಸುತ್ತಾರೆ, ಓದುಗರ ವೋಟ್ ಬಿದ್ದಂತೆ ಪೋಸ್ಟ್ ಮೇಲೇರುತ್ತದೆ. ದುಡ್ಡು ಕೊಡಬೇಕಿಲ್ಲ, ಶೀರ್ಷಿಕೆಯ ಮೊದಲಿಗೆ ‘ಶೋ ಎಚ್‌ಎನ್:’ ಎಂದು ಇಂಗ್ಲಿಷಿನಲ್ಲಿ ಬರೆದು ಲಿಂಕ್ ಹಾಕಬೇಕು.

ಇದರ ಹಿರಿಮೆ ಇರುವುದು ಒಂದೇ ನಿಯಮದಲ್ಲಿ: ಬಂದವರು ಬಳಸಿ ನೋಡುವಂಥದ್ದನ್ನೇ ಇಡಬೇಕು. ಬ್ಲಾಗ್ ಬರಹ, ಸುದ್ದಿಪತ್ರ, ‘ಸದ್ಯದಲ್ಲೇ ಬರಲಿದೆ, ಇಮೇಲ್ ಕೊಡಿ’ ಎನ್ನುವ ಪುಟ ನಡೆಯುವುದಿಲ್ಲ. ಹಾರ್ಡ್‌ವೇರ್ ಆದರೆ ವಿಡಿಯೊ ಅಥವಾ ವಿವರವಾದ ಲೇಖನ, ಪುಸ್ತಕವಾದರೆ ಮಾದರಿ ಅಧ್ಯಾಯ ಸಾಕು. ಒಳ್ಳೆಯ ಕೆಲಸವೂ ಇಲ್ಲಿ ಮುಗ್ಗರಿಸುವುದು ಸಾಮಾನ್ಯವಾಗಿ ಲಾಗಿನ್ ಪುಟದಲ್ಲಿ. ಖಾತೆ ತೆರೆಯದೆ ಏನೂ ಕಾಣದಿದ್ದರೆ ಜನ ಹಿಂದಿರುಗುತ್ತಾರೆ, ಮತ್ತೆ ಬರುವುದಿಲ್ಲ. ಹಾಗಾಗಿ ಮಾದರಿ ದತ್ತಾಂಶ ತುಂಬಿದ ಡೆಮೊ ಒಂದನ್ನು ಲಾಗಿನ್ ಇಲ್ಲದೆ ತೆರೆದಿಡಿ. ಮೊದಲ ಪುಟಕ್ಕೆ ಏರಿದರೆ ಒಮ್ಮೆಲೇ ಜನ ನುಗ್ಗುತ್ತಾರೆ. ಕ್ಯಾಶ್ (ಪುಟಗಳ ಸಿದ್ಧ ಪ್ರತಿ ಇಟ್ಟುಕೊಳ್ಳುವ ಏರ್ಪಾಟು) ಇಲ್ಲದ ಸಣ್ಣ ಸರ್ವರ್ ಅಂಥ ಹೊತ್ತಿನಲ್ಲೇ ಕೈಕೊಡುತ್ತದೆ.

ಶೀರ್ಷಿಕೆಗೆ 80 ಅಕ್ಷರಗಳ ಮಿತಿ. ಅದರಲ್ಲಿ ವಸ್ತು ಏನು ಮಾಡುತ್ತದೆಂದು ಹೇಳಿ. ‘ಅದ್ಭುತ’, ‘ಕ್ರಾಂತಿಕಾರಿ’ ಬೇಡ, ಆಶ್ಚರ್ಯಸೂಚಕವೂ ಬೇಡ. ಹಾಕಿದ ಕೂಡಲೇ ಮೊದಲ ಕಾಮೆಂಟ್ ನೀವೇ ಬರೆಯಿರಿ: ಇದು ನನ್ನದೇ ಕೆಲಸ, ಯಾಕೆ ಮಾಡಿದೆ, ಒಳಗೆ ಹೇಗೆ ನಡೆಯುತ್ತದೆ, ಯಾವುದು ಇನ್ನೂ ಕೆಲಸ ಮಾಡುತ್ತಿಲ್ಲ, ಬೆಲೆ ಇದ್ದರೆ ಎಷ್ಟು. ಕೊರತೆಯನ್ನು ಮೊದಲೇ ಹೇಳಿಬಿಟ್ಟರೆ ಚರ್ಚೆ ಅದನ್ನು ಎತ್ತಿ ತೋರಿಸುವುದರಲ್ಲೇ ಕಳೆದುಹೋಗುವುದಿಲ್ಲ. ಆಮೇಲೆ ಕೆಲವು ಗಂಟೆ ಅಲ್ಲೇ ಇದ್ದು ಉತ್ತರಿಸಬೇಕು. ಮಾತು ಒರಟಾಗಿರಬಹುದು, ಆದರೆ ದೋಷವನ್ನು ಇಷ್ಟು ನಿಖರವಾಗಿ ತೋರಿಸಿಕೊಡುವ ಓದುಗರು ಬೇರೆಡೆ ಅಪರೂಪ.

ಗೆಳೆಯರಿಗೆ ಲಿಂಕ್ ಕಳಿಸಿ ವೋಟ್ ಕೇಳುವುದಂತೂ ಖಂಡಿತ ಬೇಡ. ಒಂದೇ ಗುಂಪಿನ ವೋಟುಗಳನ್ನು ತಾಣ ಪತ್ತೆಹಚ್ಚುತ್ತದೆ, ಪೋಸ್ಟ್ ಕೆಳಗಿಳಿಯುತ್ತದೆ. ಹೊಗಳುವುದಕ್ಕೆಂದೇ ಹುಟ್ಟಿದ ಹೊಸ ಖಾತೆಗಳನ್ನು ಓದುಗರೂ ಗುರುತಿಸುತ್ತಾರೆ. ಖಾತೆಯ ಚರಿತ್ರೆಯಲ್ಲಿ ನಿಮ್ಮದೇ ಲಿಂಕ್‌ಗಳು ಮಾತ್ರ ಇದ್ದರೂ ತೊಂದರೆಯೇ. ಬೇರೆಯವರ ವಿಷಯಗಳಲ್ಲಿ ಮೊದಲಿಂದಲೂ ಪಾಲ್ಗೊಂಡಿರಬೇಕು.

ರೆಡಿಟ್‌ಗೆ ಹೋಲಿಸಿದರೆ ಇಲ್ಲಿ ಗೊಂದಲ ಕಡಿಮೆ. ಅಲ್ಲಿ ಸಬ್‌ರೆಡಿಟ್ ಎನ್ನುವ ವಿಷಯವಾರು ಗುಂಪುಗಳಿವೆ. ಒಂದೊಂದು ಸಬ್‌ರೆಡಿಟ್‌ಗೆ ಒಂದೊಂದು ನಿಯಮ, ಹೊಸ ಖಾತೆಯ ಪೋಸ್ಟನ್ನು ಆಟೊಮಾಡರೇಟರ್ ಎಂಬ ಸ್ವಯಂಚಾಲಿತ ಕಾವಲು ತಂತ್ರಾಂಶ ಸದ್ದಿಲ್ಲದೆ ತೆಗೆದುಹಾಕಬಹುದು. ಹಾಕಿದವರಿಗೆ ಅದು ಕಾಣುತ್ತಲೇ ಇರುತ್ತದೆ. ಲಾಗೌಟ್ ಆಗಿ ಆ ಸಬ್‌ರೆಡಿಟ್‌ನ ಹೊಸ ಪೋಸ್ಟ್‌ಗಳ ಪಟ್ಟಿಯಲ್ಲಿ ಹುಡುಕಿದರೆ ನಿಜ ತಿಳಿಯುತ್ತದೆ.

ಶೋ ಎಚ್‌ಎನ್‌ನ ಕೊರತೆಗಳೂ ಇವೆ. ಚಿತ್ರ ಹಾಕಲಾಗದು. ತಂತ್ರಜ್ಞಾನದ ಗಂಧವಿಲ್ಲದ ವಸ್ತುವಿಗೆ ಇಲ್ಲಿ ಗಿರಾಕಿಗಳಿಲ್ಲ. ಒಳ್ಳೆಯದೂ ಯಾರ ಕಣ್ಣಿಗೂ ಬೀಳದೆ ಮುಳುಗಬಹುದು. ಹಾಗಾದರೆ ಸ್ವಲ್ಪ ದಿನ ಬಿಟ್ಟು ಮತ್ತೆ ಹಾಕಲು ಅಡ್ಡಿಯಿಲ್ಲ. ಗಮನ ಸೆಳೆಯದ ಪೋಸ್ಟನ್ನು ಒಂದೆರಡು ಸಲ ಮರಳಿ ಹಾಕುವುದನ್ನು ತಾಣವೇ ಒಪ್ಪುತ್ತದೆ. ಹಳೆಯದನ್ನು ಅಳಿಸಿ ಹಾಕುವುದನ್ನು ಮಾತ್ರ ಒಪ್ಪುವುದಿಲ್ಲ.