ಅವೇ 40 ಬಿಲ್ಲು, ನಾಲ್ಕು ದಾರಿ: ಬಂದರಿನ ಅಂಗಡಿಗೆ ಕಂಪ್ಯೂಟರ್ ಲೆಕ್ಕ

ಮಂಗಳೂರಿನ ಬಂದರಿನಲ್ಲಿ ನಮ್ಮದು ಅಜ್ಜನ ಕಾಲದ ದಿನಸಿ ಸಗಟು ಅಂಗಡಿ. ಕುಚ್ಚಲಕ್ಕಿ, ಬೆಳ್ತಿಗೆ, ಬೆಲ್ಲ, ಬ್ಯಾಡಗಿ ಮೆಣಸು, ತುಪ್ಪದ ಟಿನ್ನು. ಹಗಲು ಬಿಲ್ಲೆಲ್ಲ ಕೈಯಲ್ಲೇ, ಕಾರ್ಬನ್ ಇಟ್ಟು. ರಾತ್ರಿ ನಾನು ಕೂತು ಎಕ್ಸೆಲ್‌ಗೆ ಏರಿಸುತ್ತಿದ್ದೆ. ಹಾಗೇ ನಡೆದುಹೋಗುತ್ತಿತ್ತು.

ಕಳೆದ ನವೆಂಬರ್‌ನಲ್ಲಿ ಆಡಿಟರ್ ಹೇಳಿದರು: "ಈ ಮಾರ್ಚ್‌ಗೆ ನಿಮ್ಮ ವಹಿವಾಟು 5 ಕೋಟಿ ದಾಟುತ್ತದೆ. ಏಪ್ರಿಲ್‌ನಿಂದ ಇ-ಇನ್‌ವಾಯ್ಸ್ ಮಾಡಬೇಕು." ಅರ್ಧಕ್ಕರ್ಧ ಅಕ್ಕಿ, ಅದಕ್ಕೆ ತೆರಿಗೆಯೇ ಇಲ್ಲವಲ್ಲ ಎಂದೆ. ತೆರಿಗೆ ಇಲ್ಲದ ಮಾರಾಟವೂ ವಹಿವಾಟಿನ ಲೆಕ್ಕಕ್ಕೆ ಬರುತ್ತದೆ ಎಂದರು. ಈ 5 ಕೋಟಿಯ ಗಡಿ ಬಂದದ್ದು 2023ರ ಆಗಸ್ಟ್ 1ರಿಂದ, ಅದಕ್ಕೆ ಮೊದಲು 10 ಕೋಟಿ ಇತ್ತು. ಇನ್ನು ಮುಂದೆ ಜಿಎಸ್‌ಟಿ ನಂಬರ್ ಇರುವ ಗಿರಾಕಿಗೆ ತುಪ್ಪದಂಥ ತೆರಿಗೆಯ ಸಾಮಾನು ಮಾರಿದರೆ, ಬಿಲ್ಲನ್ನು ಸರ್ಕಾರದ ಪೋರ್ಟಲ್‌ಗೆ ಕಳಿಸಿ 64 ಅಕ್ಷರದ ಒಂದು ನಂಬರು, ಒಂದು ಕ್ಯೂಆರ್ ಕೋಡ್ ತರಿಸಬೇಕು. ಕಾರ್ಬನ್ ಪುಸ್ತಕದಲ್ಲಿ ಅದಾಗುವ ಕೆಲಸವಲ್ಲ.

ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ತಂಗಿಯ ಮಗನನ್ನು ಕರೆಸಿದೆ. ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಕೇಳಿದರೆ ಅವನು ತಿರುಗಿ ಕೇಳಿದ, "ಮಾವ, ಅಂಗಡಿಯಲ್ಲಿ ದಿನಾ ಏನೇನು ನಡೆಯುತ್ತದೆ ಅಂತ ಎಲ್ಲಾದರೂ ಬರೆದಿಟ್ಟಿದ್ದೀರಾ?" ಇರಲಿಲ್ಲ. ಹಾಗಾಗಿ ಒಂದು ವಾರ ನೋಟ್‌ಬುಕ್ ಹಿಡಿದು ಗಲ್ಲಾ ಪಕ್ಕ ಕೂತೆ. ಯಾರು ಬಂದು ಏನು ಕೇಳಿದರು, ಉತ್ತರ ಹುಡುಕಲು ಎಷ್ಟು ಹೊತ್ತು ಹೋಯಿತು, ಅಷ್ಟೇ ಬರೆದೆ.

ಆರು ದಿನದಲ್ಲಿ "ನನ್ನ ಬಾಕಿ ಎಷ್ಟು?" ಎಂಬ ಪ್ರಶ್ನೆ 31 ಸಲ ಬಂತು. "ಗೋಡೌನ್‌ನಲ್ಲಿ ಇಂಥದ್ದು ಇದೆಯಾ?" 19 ಸಲ. ಲಾಭದ ಗ್ರಾಫ್ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ಸಾಫ್ಟ್‌ವೇರ್‌ನವರ ಕರಪತ್ರ ನೋಡಿದರೆ ಮುಖಪುಟದಲ್ಲೇ ಗ್ರಾಫ್!

ಇನ್ನೊಂದು ಗೊತ್ತಾಯಿತು. ನಮ್ಮ ದಿನದ ಕಷ್ಟವೆಲ್ಲ ಬೆಳಿಗ್ಗೆ 8ರಿಂದ 8.30ರ ಒಳಗೆ. ಲಾರಿ ಇಳಿಸುವುದು, ಹೋಟೆಲಿನವರು ಟೆಂಪೋ ತರುವುದು, ಮಂಜಿಗೆ, ಅಂದರೆ ಸರಕಿನ ದೋಣಿಗೆ, ಮಾಲು ಏರಿಸುವವರು ಬೊಬ್ಬೆ ಹಾಕುವುದು, ಎಲ್ಲ ಆಗಲೇ. ಆ ಅರ್ಧ ಗಂಟೆ ದಾಟಿಸುವ ಸಾಫ್ಟ್‌ವೇರ್ ಬೇಕು. ಉಳಿದ ಹೊತ್ತಿಗೆ ಯಾವುದಾದರೂ ನಡೆದೀತು.

ಪರೀಕ್ಷೆಗೆ ನಮ್ಮದೇ 40 ಹಳೆಯ ಬಿಲ್ಲು ತೆಗೆದೆವು. 2025ರ ಸೆಪ್ಟೆಂಬರ್ 20ರ ಶನಿವಾರದ್ದು 20, 22ರ ಸೋಮವಾರದ್ದು 20. ಸುಮ್ನೆ ಆರಿಸಿದ ದಿನಗಳಲ್ಲ. 22ಕ್ಕೆ ಜಿಎಸ್‌ಟಿ ದರ ಬದಲಾಯಿತು, ತುಪ್ಪ 12ರಿಂದ 5 ಶೇಕಡಕ್ಕೆ ಇಳಿಯಿತು. ಅವತ್ತೇ ನವರಾತ್ರಿಯ ಮೊದಲ ದಿನ, ತುಪ್ಪಕ್ಕೆ ನೂಕುನುಗ್ಗಲು. ಈ ಬಿಲ್ಲುಗಳಲ್ಲಿ 25 ಕಿಲೋದ ಲೇಬಲ್ ಇರುವ ಅಕ್ಕಿ ಚೀಲವಿತ್ತು, ಅದಕ್ಕೆ 2022ರ ಜುಲೈ 18ರಿಂದ 5 ಶೇಕಡ ತೆರಿಗೆ. ಅದೇ ಅಕ್ಕಿಯ 50 ಕಿಲೋ ಚೀಲವೂ ಇತ್ತು, ಅದಕ್ಕೆ ತೆರಿಗೆ ಇಲ್ಲ. ಕಾಸರಗೋಡಿಗೆ ಕಳಿಸಿದ್ದು ಮೂರು, ಲಕ್ಷದ್ವೀಪಕ್ಕೆ ಒಂದು. ಅವು ರಾಜ್ಯದ ಹೊರಗಿನವಾದ್ದರಿಂದ ಐಜಿಎಸ್‌ಟಿ ಬೀಳಬೇಕು. ಹತ್ತಿರ ಹತ್ತಿರ ಅರ್ಧದಷ್ಟು ಸಾಲದ ಬಿಲ್ಲು. "ಬರೆದ್ ದೀಲೆ" (ಬರೆದಿಡಿ) ಅಂತ ತುಳುವಿನಲ್ಲಿ ಹೇಳಿ ಚೀಲ ಹೊತ್ತು ನಡೆಯುವವರವು.

ನಮ್ಮ ಲೆಕ್ಕದ ರಾಯರಿಗೆ 68 ವರ್ಷ. 40 ಬಿಲ್ಲನ್ನು ಅವರು ಕೈಯಲ್ಲಿ 1 ಗಂಟೆ 35 ನಿಮಿಷಕ್ಕೆ ಬರೆದು ಮುಗಿಸಿದರು. ನಮ್ಮ ಅಳತೆಗೋಲು ಅದೇ.

ಎಕ್ಸೆಲ್

ನನಗೆ ಇದರ ಮೇಲೆ ಮೋಹ ಜಾಸ್ತಿ. ಖರ್ಚಿಲ್ಲ, ಗೊತ್ತಿರುವುದು, ಬೇಕಾದ ಕಾಲಂ ಬೇಕಾದಾಗ ಹಾಕಬಹುದು. ಆದರೆ ಮೋಸ ಹೋದದ್ದೂ ಇದರಲ್ಲೇ. ಒಂದು ಹಾಳೆಯಲ್ಲಿ ಎಲ್ಲ ಸಾಮಾನಿನ ತೆರಿಗೆ ದರ ಇಟ್ಟಿದ್ದೆ. ಬಿಲ್ಲಿನ ಸಾಲುಗಳು ಫಾರ್ಮುಲಾ ಹಾಕಿ ಅಲ್ಲಿಂದ ದರ ಎತ್ತಿಕೊಳ್ಳುತ್ತಿದ್ದವು. ಸೆಪ್ಟೆಂಬರ್ 22ರ ರಾತ್ರಿ ತುಪ್ಪದ ಎದುರು 12 ಅಳಿಸಿ 5 ಅಂತ ಬರೆದೆ. ಕೆಲಸ ಮುಗಿಯಿತು ಅಂತ ಊಟಕ್ಕೆ ಹೋದೆ.

ತಿಂಗಳ ಲೆಕ್ಕ ಕಳಿಸಿದಾಗ ಆಡಿಟರ್ ಫೋನ್ ಮಾಡಿದರು. "ಏಪ್ರಿಲ್‌ನಿಂದ ತುಪ್ಪಕ್ಕೆ 5 ಶೇಕಡ ಹಾಕಿದ್ದೀರಲ್ಲ?" ನಾನು ಬದಲಿಸಿದ್ದು ಹಾಳೆಯ ಒಂದೇ ಮನೆ, ಅಂದರೆ ಸೆಲ್. ಅದನ್ನು ನೋಡಿ ಆರು ತಿಂಗಳ ತುಪ್ಪದ ಬಿಲ್ಲೆಲ್ಲ ತಾವಾಗಿ ತಿದ್ದಿಕೊಂಡಿದ್ದವು. ಎಕ್ಸೆಲ್ ತಪ್ಪಲ್ಲ, ಹೇಳಿದಷ್ಟನ್ನೇ ಮಾಡಿತು. ಕಾರ್ಬನ್ ಪುಸ್ತಕ ಇದ್ದದ್ದಕ್ಕೆ ಬಚಾವಾದೆ.

ಪರೀಕ್ಷೆಗೆ ಅಂತ ಅಳಿಯ ಹೊಸ ಹಾಳೆ ಮಾಡಿಕೊಟ್ಟ. ದರದ ಪಕ್ಕ "ಯಾವತ್ತಿನಿಂದ" ಎಂಬ ಕಾಲಂ. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ಕರ್ನಾಟಕದ 29 ಅಲ್ಲದಿದ್ದರೆ ತಾನಾಗಿ ಐಜಿಎಸ್‌ಟಿ. ಕೇರಳದ 32, ಲಕ್ಷದ್ವೀಪದ 31 ಎರಡೂ ಸರಿಯಾಗಿ ಬಿದ್ದವು. ಹುಡುಗ ಬುದ್ಧಿವಂತ. ಆದರೆ ಫಾರ್ಮುಲಾ ಈ ಗೋಡೆಯಿಂದ ಆ ಗೋಡೆಗೆ ಮುಟ್ಟುವಷ್ಟು ಉದ್ದವಾಯಿತು. ರಾಯರು ಒಂದು ಮನೆಯಲ್ಲಿ ಸ್ಪೇಸ್ ಒತ್ತಿದರು, ಏಳು ಸಾಲು ಹಾಳು. 40 ಬಿಲ್ಲಿಗೆ 2 ಗಂಟೆ 10 ನಿಮಿಷ. ಇ-ಇನ್‌ವಾಯ್ಸ್‌ಗೆ ಅದನ್ನೇ ಮತ್ತೆ ಪೋರ್ಟಲ್ ಕಡೆ ಸಾಗಿಸುವ ಕೆಲಸ ಬೇರೆ.

ಟ್ಯಾಲಿಪ್ರೈಮ್

ಬಂದರಿನಲ್ಲಿ ಅಕ್ಕಪಕ್ಕದವರೆಲ್ಲ ಇದನ್ನೇ ಇಟ್ಟಿರುವುದು, ಆಡಿಟರ್ ಕಚೇರಿಯಲ್ಲೂ ಇದೇ. 1986ರಲ್ಲಿ ಶುರುವಾದ ಬೆಂಗಳೂರಿನ ಕಂಪನಿ. ಎಲ್ಲರೂ ಹೇಳುತ್ತಾರೆ ಎಂಬ ಒಂದೇ ಕಾರಣಕ್ಕೆ ನನಗೆ ಸ್ವಲ್ಪ ಅನುಮಾನವಿತ್ತು.

ಮೊದಲು ದುಡ್ಡು ಕೊಡದೆ ಎಜುಕೇಶನಲ್ ಮೋಡ್‌ನಲ್ಲಿ ಹಾಕಿ ನೋಡಿದೆವು. ಅದರಲ್ಲಿ ತಿಂಗಳ 1, 2, 31 ಈ ಮೂರೇ ತಾರೀಕಿಗೆ ಬಿಲ್ಲು ಬರೆಯಲು ಬಿಡುತ್ತದೆ. ನಮ್ಮದು 20 ಮತ್ತು 22. ಕಲಿಯುವವರಿಗೆ ಸಾಕು, ನಮಗಲ್ಲ. ಕೆಲವು ದಿನದ ಟ್ರಯಲ್ ಲೈಸೆನ್ಸ್ ಹಾಕಿಸಿಕೊಂಡು ಮುಂದುವರಿದೆವು.

ಮೊದಲ ದಿನ 1 ಗಂಟೆ 50 ನಿಮಿಷ ಹಿಡಿಯಿತು. ರಾಯರು ಕನ್ನಡಕ ಒರೆಸಿ ಒರೆಸಿ ಸುಸ್ತು. ಎರಡನೆಯ ದಿನ ಅಳಿಯ ಪ್ರತಿ ಸಾಮಾನಿಗೂ ಅಲಿಯಾಸ್ ಹಾಕಿದ, ಅಂದರೆ ಎರಡನೇ ಹೆಸರು. ಕುಚ್ಚಲು 50 ಕಿಲೋಗೆ 11, 25 ಕಿಲೋಗೆ 12, ಬೆಲ್ಲಕ್ಕೆ 31, ತುಪ್ಪದ ಟಿನ್ನಿಗೆ 41. ರಾಯರ ತಲೆಯಲ್ಲಿ ಮೊದಲೇ ಇದ್ದ ನಂಬರುಗಳಿವು, ಹಳೆಯ ಪುಸ್ತಕದ ಪುಟಸಂಖ್ಯೆ. ಅಲ್ಲಿಂದ ಮುಂದೆ ಅವರು ಮೌಸ್ ಮುಟ್ಟಲೇ ಇಲ್ಲ. 11, ಎಂಟರ್, 6, ಎಂಟರ್. ನಾಲ್ಕನೆಯ ದಿನ 40 ಬಿಲ್ಲು 55 ನಿಮಿಷ. "ಇದು ಅಡ್ಡಿಯಿಲ್ಲ ಮಾರಾಯ್ರೆ," ಎಂದರು. ರಾಯರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ದರ ಬದಲಾವಣೆ ಸಲೀಸಾಗಿ ದಾಟಿತು. ಹೊಸ ದರ ಯಾವ ತಾರೀಕಿನಿಂದ ಅಂತ ಹೇಳಿದರೆ 20ರ ತುಪ್ಪಕ್ಕೆ 12, 22ರ ತುಪ್ಪಕ್ಕೆ 5. ಬಾಕಿ ಎಷ್ಟು ಎಂಬ ಪ್ರಶ್ನೆಗೆ ಬಿಲ್‌ವಾರು ಪಟ್ಟಿ ತೆರೆದುಕೊಳ್ಳುತ್ತದೆ, ಎಷ್ಟು ದಿನದ್ದು ಎಂಬುದರ ಸಮೇತ. ಪರೀಕ್ಷೆಗೆ ಅಂತ ಒಂದು ಹೋಟೆಲಿನ ಹಳೆಯ ಲೆಕ್ಕ ಹಾಕಿದಾಗ 74 ದಿನದ ಒಂದು ಬಿಲ್ಲು ಹೊರಗೆ ಬಂತು. ನಾವು ಮರೆತಿದ್ದೆವು. ಅವರು ಮರೆತಿದ್ದರೋ ಇಲ್ಲವೋ!

ಸರಿ ಬಾರದ್ದು: ಮೆಣಸಿನ ಚೀಲ. ಒಂದು 42 ಕಿಲೋ, ಇನ್ನೊಂದು 44.6. ಕಿಲೋ ಲೆಕ್ಕದಲ್ಲಿ ಹಾಕಿ, ಚೀಲ ಎಷ್ಟೆಂದು ವಿವರಣೆಯಲ್ಲಿ ಬರೆದು ಸುಧಾರಿಸಿದೆವು. ಒಬ್ಬರೇ ಬಳಸುವ ಸಿಲ್ವರ್‌ಗಿಂತ ಹಲವರು ಬಳಸುವ ಗೋಲ್ಡ್‌ಗೆ ಸುಮಾರು ಮೂರು ಪಟ್ಟು ದುಡ್ಡು. ಗೋಡೌನ್ ಹುಡುಗನಿಗೂ ಒಂದು ಪರದೆ ಕೊಡೋಣ ಎಂದರೆ ಕೂಡಲೇ ಅಲ್ಲಿಗೆ ಹಾರಬೇಕು. ಇನ್ನೊಂದು, ಬರೆದ ಬಿಲ್ಲನ್ನು ಆಮೇಲೆ ತಿದ್ದುವುದು ತೀರಾ ಸುಲಭ. ನನಗೆ ಅದು ಹೆದರಿಕೆ, ರಾಯರಿಗೆ ಅದೇ ಅನುಕೂಲ.

ಇಆರ್‌ಪಿನೆಕ್ಸ್ಟ್

ಅಳಿಯನ ಆಯ್ಕೆ. ಮುಂಬೈಯ ಫ್ರಾಪೆ ಕಂಪನಿಯವರು ಮಾಡಿದ್ದು, ಮೂಲ ಕೋಡ್ ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಲೈಸೆನ್ಸ್ ದುಡ್ಡಿಲ್ಲ. "ಫ್ರೀ ಮಾವ, ಎಷ್ಟು ಜನ ಬೇಕಾದರೂ ಬಳಸಬಹುದು," ಎಂದ. ಅಪ್ಪ ಗಲ್ಲಾದಲ್ಲಿ ಕೂತಲ್ಲಿಂದಲೇ, "ಫ್ರೀ ಅಂದರೆ ಯಾರು ಕೊಡುವುದು?" ಎಂದು ಕೇಳಿದರು. ಅದು ಒಳ್ಳೆಯ ಪ್ರಶ್ನೆ ಎಂದು ಆಮೇಲೆ ಗೊತ್ತಾಯಿತು.

ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರ್ ತೆಗೆದು, ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ ಸರ್ವರ್ ಮಾಡಲು ಹೊರಟ. ಮುಚ್ಚಳ ತೆಗೆದರೆ ಫ್ಯಾನಿನ ರೆಕ್ಕೆಗೆಲ್ಲ ಕೆಂಪು ಧೂಳು, ಬ್ಯಾಡಗಿ. ಊದಿದ. ಮುಂದಿನ ಹತ್ತು ನಿಮಿಷ ಅಂಗಡಿಯಲ್ಲಿದ್ದವರೆಲ್ಲ ಸೀನಿದ್ದೇ ಸೀನಿದ್ದು. ಇನ್‌ಸ್ಟಾಲ್ ಮಾಡಲು ಮೂರು ದಿನ ಹೋಯಿತು. ಪೈಥಾನ್, ಮರಿಯಾಡಿಬಿ, ರೆಡಿಸ್ ಅಂತ ಏನೇನೋ ಬೇಕು, ಒಂದರ ಆವೃತ್ತಿ ಇನ್ನೊಂದಕ್ಕೆ ಹೊಂದಬೇಕು.

ಎದ್ದು ನಿಂತ ಮೇಲೆ ಚೆಂದವೇ. ಅಂಗಡಿಯ ವೈಫೈ ಸಾಕು, ಗೋಡೌನ್ ಹುಡುಗ ಮೊಬೈಲಿನಲ್ಲೇ ಸ್ಟಾಕ್ ನೋಡಿದ. ಚೀಲಕ್ಕೆ ಎಷ್ಟು ಕಿಲೋ ಎಂಬುದನ್ನು ಬಿಲ್ಲಿನ ಸಾಲಿನಲ್ಲೇ ಬದಲಿಸಬಹುದು, ಮೆಣಸಿನ ತಲೆನೋವು ಇಲ್ಲಿ ಇಲ್ಲ. ಸಬ್‌ಮಿಟ್ ಮಾಡಿದ ಬಿಲ್ಲು ತಿದ್ದಲು ಬರುವುದಿಲ್ಲ. ರದ್ದು ಮಾಡಿ ಹೊಸದು ಮಾಡಬೇಕು, ನಂಬರಿನ ಕೊನೆಗೆ "-1" ಸೇರುತ್ತದೆ. ಯಾರು ಏನು ಬದಲಿಸಿದರು ಎಂಬುದು ಗುಟ್ಟಾಗಿ ಉಳಿಯುವುದಿಲ್ಲ. ನನಗೆ ಇದು ಬಹಳ ಹಿಡಿಸಿತು.

ಆಮೇಲೆ ಒಂದು ಬೆಳಿಗ್ಗೆ 8ಕ್ಕೆ ನಿಜವಾದ ಗಿರಾಕಿಗಳ ಎದುರು ಇಟ್ಟೆವು. ಲಾರಿಯಿಂದ ಅಕ್ಕಿ ಇಳಿಯುತ್ತಿದೆ, ಖರೀದಿ ಇನ್ನೂ ಎಂಟ್ರಿ ಆಗಿಲ್ಲ. ಇಳಿದ ಚೀಲದಲ್ಲೇ ಹತ್ತು ಬೇಕು ಎಂದು ಹೋಟೆಲಿನವರು ನಿಂತಿದ್ದಾರೆ. ಬಿಲ್ಲು ಹಾಕಿದರೆ ಸ್ಟಾಕ್ ಇಲ್ಲ ಎಂದು ಕಂಪ್ಯೂಟರ್ ಒಪ್ಪುವುದಿಲ್ಲ. ಹೋಟೆಲಿನವರು ಚೀಲದ ಮೇಲೆ ಕೈ ಇಟ್ಟು ಕೇಳಿದರು, "ಮತ್ತೆ ಇದು ಎಂತದು?"

ಆ ಕಾವಲನ್ನು ಸೆಟ್ಟಿಂಗ್‌ನಲ್ಲಿ ತೆಗೆಯಬಹುದು, ಅಳಿಯ ತೆಗೆದ. ಟ್ಯಾಲಿ ಇಂಥ ಕಡೆ ಎಚ್ಚರಿಸಿ ಮುಂದೆ ಬಿಡುತ್ತದೆ. ಅದೇ ಮಧ್ಯಾಹ್ನ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಹಳೆಯದು, ಸರ್ವರ್ ಮಲಗಿತು. ಕರೆಂಟ್ ಬಂದ ಮೇಲೂ ಏಳಲಿಲ್ಲ. ಹುಡುಗ ಪರೀಕ್ಷಾ ಹಾಲ್‌ನಲ್ಲಿ. ಸಂಜೆ ಐದರವರೆಗೆ ಕಾರ್ಬನ್ ಪುಸ್ತಕ. ಅಪ್ಪನ ಪ್ರಶ್ನೆಗೆ ಉತ್ತರ ಅದು. ಫ್ರೀ ಸಾಫ್ಟ್‌ವೇರ್‌ನ ದುಡ್ಡು ಅದನ್ನು ನೋಡಿಕೊಳ್ಳುವವನಿಗೆ ಹೋಗುತ್ತದೆ, ನಮ್ಮಲ್ಲಿ ಅಂಥವನು ಇಲ್ಲ. ಅದನ್ನು ಬೇರೆಯವರ ಸರ್ವರ್‌ನಲ್ಲಿ ಬಾಡಿಗೆಗೆ ಇಡಬಹುದು. ಆಗ ತಿಂಗಳ ಖರ್ಚು, ಜೊತೆಗೆ ನೆಟ್ ಹೋದರೆ ಬಿಲ್ಲೂ ಹೋಯಿತು. 40 ಬಿಲ್ಲಿಗೆ 2 ಗಂಟೆ 30 ನಿಮಿಷ. ರಾಯರಿಗೆ ಮೌಸ್ ಕ್ಲಿಕ್ಕು ಜಾಸ್ತಿಯಾಯಿತು.

ಹೇಳಿ ಮಾಡಿಸುವುದು

ಊರಿನದೇ ಒಬ್ಬರು ಡೆವಲಪರ್ ಬಂದರು. 2 ಲಕ್ಷ 40 ಸಾವಿರ, ವರ್ಷವರ್ಷ ಅದರ 18 ಶೇಕಡ ನಿರ್ವಹಣೆಗೆ. ಡೆಮೊ ಬಿಲ್ಲಿನಲ್ಲಿ ಬ್ಯಾಚ್ ನಂಬರು, ಎಕ್ಸ್‌ಪೈರಿ ಡೇಟು ಇತ್ತು. ಯಾವುದೋ ಮೆಡಿಕಲ್ ಶಾಪ್‌ಗೆ ಮಾಡಿದ್ದನ್ನು ತಿರುಗಿಸಿ ತಂದಿದ್ದರು. ರಾಜ್ಯಗಳ ಪಟ್ಟಿಯಲ್ಲಿ ಲಕ್ಷದ್ವೀಪವೇ ಇಲ್ಲ. ಕೋಡ್ ನಮಗೆ ಕೊಡುತ್ತೀರಾ ಎಂದು ಕೇಳಿದ್ದಕ್ಕೆ ನಕ್ಕು ಮಾತು ಬದಲಿಸಿದರು. ಆದರೆ ಹೇಳಿದ್ದನ್ನು ಕೇಳಿಸಿಕೊಳ್ಳುವ ಮನುಷ್ಯ, ಎರಡೇ ದಿನದಲ್ಲಿ ಚೀಲದ ಸಂಖ್ಯೆಗೆ ಕಾಲಂ ಮಾಡಿ ತಂದರು. ಬಿಲ್ಲೂ ನಾಲ್ಕರಲ್ಲಿ ಚೆಂದದ್ದು. 12 ಬಿಲ್ಲಿಗೇ ನಿಲ್ಲಿಸಿದೆವು.

ಟ್ಯಾಲಿ ಸಿಲ್ವರ್ ತೆಗೆದುಕೊಂಡೆವು, ಜೊತೆಗೆ ಹೊಸ ಯುಪಿಎಸ್ ಬ್ಯಾಟರಿ. ಗೋಡೌನ್ ಸ್ಟಾಕಿಗೆ ಸದ್ಯಕ್ಕೆ ಗೂಗಲ್ ಶೀಟ್ ಒಂದು, ಹುಡುಗ ಮೊಬೈಲಿನಲ್ಲಿ ತುಂಬುತ್ತಾನೆ. ಬೈಕಂಪಾಡಿಯಲ್ಲಿ ಎರಡನೇ ಗೋಡೌನ್ ಆದರೆ ಇಆರ್‌ಪಿನೆಕ್ಸ್ಟ್ ಮತ್ತೆ ತೆಗೆಯಬೇಕು ಅಂತ ಅಳಿಯ ನನ್ನ ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಹಾಕಿ ಹೋಗಿದ್ದಾನೆ.

ಏಪ್ರಿಲ್ 1ರಿಂದ ಶುರು. ಸಾಫ್ಟ್‌ವೇರ್ ಆರಿಸಿದ್ದಕ್ಕಿಂತ ಈಗಿನ ಕೆಲಸ ದೊಡ್ಡದು. ಹಳೆಯ ದರಪಟ್ಟಿ ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿತ್ತು. ಕಾಪಿ ಮಾಡಿದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ರಾಯರು ಕೂತು ಎಲ್ಲ ಮತ್ತೆ ಟೈಪ್ ಮಾಡಿದರು. ಕನ್ನಡ ಕೀಲಿಮಣೆಯ ವಿನ್ಯಾಸ ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವರದ್ದಲ್ವಾ, ಅದರಲ್ಲಿ ಅವರ ಕೈ ಓಡುತ್ತದೆ. ಎಕ್ಸೆಲ್‌ನಲ್ಲಿ 412 ಗಿರಾಕಿಗಳಿದ್ದರು. ಶೆಟ್ರ ಹೋಟೆಲು, ಶೆಟ್ಟಿ ಹೋಟೆಲ್, ಹೋಟೆಲ್ ಶೆಟ್ರು ಎಲ್ಲ ಒಬ್ಬರೇ. ಒಟ್ಟು ಮಾಡಿದಾಗ ಉಳಿದದ್ದು 268.

ಅದರಲ್ಲಿ ಒಂದು ಹೆಸರು ಯಾರಿಗೂ ಗೊತ್ತಾಗಲಿಲ್ಲ. "ಮೂಲ್ಕಿ ಬೆಲ್ಲ", ಬಾಕಿ 1,350 ರೂಪಾಯಿ. ರಾಯರಿಗೂ ನೆನಪಿಲ್ಲ. ತೆಗೆದುಬಿಡಲಾ ಅಂತ ಅಪ್ಪನನ್ನು ಕೇಳಿದೆ.

"ಇರಲಿ ಬಿಡು, ಬರ್ತಾನೆ," ಎಂದರು.

ಅದಕ್ಕೂ ಒಂದು ಲೆಡ್ಜರ್ ತೆರೆದೆ.